ಅಂಗಡಿಯ ಗಾದಿಯ ಮೇಲೂ ಸಾಮಾಯಿಕ: ಶ್ರೀಮದ್ ರಾಜಚಂದ್ರರ ಜೀವನ

ಸಾಮಾಯಿಕದ ಮಾತು ಬಂದಾಗ ಅನೇಕ ಶ್ರಾವಕರು ಒಂದೇ ಉತ್ತರ ಕೊಡುತ್ತಾರೆ. ಧ್ಯಾನವೆಲ್ಲ ಮುನಿಗಳಿಗೆ ಸರಿ, ಬೆಳಗಾದರೆ ಅಂಗಡಿ ಬಾಗಿಲು ತೆಗೆಯಬೇಕಾದವರಿಗೆ, ಬ್ಯಾಂಕಿನ ಕಂತು ಕಟ್ಟಬೇಕಾದವರಿಗೆ, ಮಕ್ಕಳ ಶಾಲೆಯ ಫೀಸು ಹೊಂದಿಸಬೇಕಾದವರಿಗೆ ಅದಕ್ಕೆ ಪುರುಸೊತ್ತೆಲ್ಲಿ ಎನ್ನುವುದು ಆ ಉತ್ತರ. ಮುಂಬಯಿಯಲ್ಲಿ ಮುತ್ತು, ವಜ್ರಗಳ ವ್ಯಾಪಾರ ಮಾಡುತ್ತಲೇ ಆತ್ಮಚಿಂತನೆಯಲ್ಲಿ ಬಹಳ ಎತ್ತರಕ್ಕೆ ಏರಿದ ಒಬ್ಬ ಗೃಹಸ್ಥರ ಜೀವನ ಈ ಉತ್ತರವನ್ನು ಮರುವಿಚಾರ ಮಾಡುವಂತೆ ಮಾಡುತ್ತದೆ. ಅವರೇ ಶ್ರೀಮದ್ ರಾಜಚಂದ್ರರು. ಅವರು ಬದುಕಿದ್ದು ಕೇವಲ 33 ವರ್ಷ. ಅದರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ವ್ಯಾಪಾರಿಯಾಗಿದ್ದರು. ಮಹಾತ್ಮ ಗಾಂಧೀಜಿಯವರ ಮನಸ್ಸಿನ ಮೇಲೆ ಆಳವಾದ ಪ್ರಭಾವ ಬೀರಿದ ಮಹನೀಯರು ಎಂದು ದೇಶಕ್ಕೆ ಅವರ ಪರಿಚಯವಿದೆ. ಆದರೆ ದಿನನಿತ್ಯದ ಸಾಮಾಯಿಕವು ದಯೆಯಾಗಿ ಹೇಗೆ ಅರಳಬೇಕು ಎಂಬುದನ್ನು ನಡೆದು ತೋರಿಸಿದ ಶ್ರಾವಕರು ಎಂಬ ಪರಿಚಯವೂ ಅಷ್ಟೇ ಮುಖ್ಯ.

ಜನನ ಮತ್ತು ಬಾಲ್ಯ

ಶ್ರೀಮದ್‌ರವರು 1867ರ ನವೆಂಬರ್ 10ರಂದು, ಕಾರ್ತಿಕ ಹುಣ್ಣಿಮೆಯ ದಿನ, ಸೌರಾಷ್ಟ್ರದ ಮೋರ್ಬಿ ಸಂಸ್ಥಾನಕ್ಕೆ ಸೇರಿದ ವವಾಣಿಯಾ ಎಂಬ ಬಂದರು ಊರಿನಲ್ಲಿ ಜನಿಸಿದರು. ತಂದೆ ರವಜಿಭಾಯಿ ಮೆಹ್ತಾ, ತಾಯಿ ದೇವಬಾ. ಮೊದಲು ಇಟ್ಟ ಹೆಸರು ಲಕ್ಷ್ಮೀನಂದನ. ನಾಲ್ಕನೇ ವಯಸ್ಸಿನಲ್ಲಿ ಅದು ರಾಯಚಂದ ಎಂದಾಯಿತು. ತಾತ ಶ್ರೀಕೃಷ್ಣನ ಭಕ್ತರು. ತಾಯಿ ಜೈನ ಸಂಸ್ಕಾರದಲ್ಲಿ ಬೆಳೆದವರು. ಹೀಗೆ ಎರಡು ಭಕ್ತಿಧಾರೆಗಳ ನಡುವೆ ಹುಡುಗ ಬೆಳೆದ.

ಅಕ್ಕಪಕ್ಕದ ಜೈನ ಮನೆಗಳಿಂದ ಓದಲು ಸಿಕ್ಕ ಪುಸ್ತಕಗಳಲ್ಲಿ ಪ್ರತಿಕ್ರಮಣ ಸೂತ್ರವೂ ಇತ್ತು. ಎಲ್ಲ ಜೀವಿಗಳನ್ನು ಕ್ಷಮಿಸುವ, ಎಲ್ಲ ಜೀವಿಗಳಲ್ಲಿ ಕ್ಷಮೆ ಬೇಡುವ, ಸಕಲ ಜೀವರಾಶಿಯೊಡನೆ ಮೈತ್ರಿಯನ್ನು ಬಯಸುವ ಅದರ ಭಾವನೆ ಆ ಹುಡುಗನ ಮನಸ್ಸನ್ನು ಹಿಡಿಯಿತು. ಜೈನಧರ್ಮದ ಕಡೆಗೆ ತನ್ನನ್ನು ಸೆಳೆದದ್ದು ಈ ಮೈತ್ರೀಭಾವನೆಯೇ ಎಂದು ಅವರೇ ಮುಂದೆ ತಮ್ಮ ಬಾಲ್ಯದ ವೃತ್ತಾಂತದಲ್ಲಿ ಬರೆದಿಟ್ಟಿದ್ದಾರೆ. ತತ್ತ್ವದ ಸೂಕ್ಷ್ಮಗಳು ಅವರಿಗೆ ತಿಳಿದದ್ದು ಆಮೇಲೆ. ಮೊದಲು ಮನಸ್ಸು ಒಲಿದದ್ದು ದಯೆಗೆ.

ಏಳನೇ ವಯಸ್ಸಿನಲ್ಲಿ ಒಂದು ಘಟನೆ ನಡೆಯಿತು. ಅವರನ್ನು ಪ್ರೀತಿಯಿಂದ ಕಾಣುತ್ತಿದ್ದ ಅಮೀಚಂದ ಎಂಬ ಗೃಹಸ್ಥರು ಹಾವು ಕಚ್ಚಿ ತೀರಿಕೊಂಡರು. ಸಾಯುವುದು ಎಂದರೇನು ಎಂದು ಹುಡುಗ ತಾತನನ್ನು ಕೇಳಿದ. ದೇಹದಿಂದ ಜೀವ ಹೊರಟುಹೋಯಿತು, ಇನ್ನು ಅವರು ನಡೆಯುವುದಿಲ್ಲ, ಮಾತಾಡುವುದಿಲ್ಲ, ದೇಹವನ್ನು ಸುಡುತ್ತಾರೆ ಎಂದು ತಾತ ಬಿಡಿಸಿ ಹೇಳಬೇಕಾಯಿತು. ಹುಡುಗ ಯಾರಿಗೂ ಕಾಣದಂತೆ ಕೆರೆಯ ಬಳಿ ಹೋಗಿ, ಜಾಲಿಮರ ಹತ್ತಿ, ಉರಿಯುತ್ತಿದ್ದ ಚಿತೆಯನ್ನು ನೋಡಿದ. ನಿನ್ನೆಯವರೆಗೆ ಎತ್ತಿ ಆಡಿಸಿದ ಮನುಷ್ಯನನ್ನು ಊರವರೇ ಸುಡುತ್ತಿದ್ದಾರೆ, ಹಾಗಾದರೆ ಹೊರಟುಹೋದದ್ದು ಯಾವುದು ಎಂದು ಯೋಚಿಸುತ್ತ ಕುಳಿತಾಗ ಅವರಿಗೆ ಜಾತಿಸ್ಮರಣ ಜ್ಞಾನವಾಯಿತು, ಅಂದರೆ ಹಿಂದಿನ ಜನ್ಮಗಳ ನೆನಪು ಬಂತು ಎಂಬುದು ಅವರ ಪರಂಪರೆಯಲ್ಲಿ ಗಟ್ಟಿಯಾಗಿ ನಿಂತಿರುವ ನಂಬಿಕೆ.

ತಂದೆಯ ಅಂಗಡಿಯಲ್ಲಿ

ಏಳು ವರ್ಷದ ಶಾಲಾ ಪಾಠವನ್ನು ರಾಯಚಂದ ಎರಡೇ ವರ್ಷಗಳಲ್ಲಿ ಮುಗಿಸಿದ. ಹದಿಮೂರನೇ ವಯಸ್ಸಿಗೆ ತಂದೆಯ ಅಂಗಡಿಗೆ ಬಂದು ಕುಳಿತ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದು, ಬರವಣಿಗೆ, ಪದ್ಯರಚನೆ ನಡೆಯುತ್ತಿತ್ತು. ಆ ದಿನಗಳ ಬಗ್ಗೆ ಅವರು ಹೆಮ್ಮೆಯಿಂದ ಬರೆದಿಟ್ಟದ್ದು ಒಂದೇ ಸಂಗತಿ. ಯಾರಿಗೂ ಹೆಚ್ಚು ಕಡಿಮೆ ಬೆಲೆ ಹೇಳಲಿಲ್ಲ, ಯಾರಿಗೂ ತೂಕದಲ್ಲಿ ಹೆಚ್ಚು ಕಡಿಮೆ ಮಾಡಲಿಲ್ಲ ಎಂಬುದು. ತಕ್ಕಡಿ ಹಿಡಿದವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ. ತೂಕ ಮಾಡುವಾಗ ಮನಸ್ಸು ಎಲ್ಲೋ ಇದ್ದರೆ ಕೈ ತಾನಾಗಿಯೇ ತನ್ನ ಲಾಭದ ಕಡೆಗೆ ವಾಲುತ್ತದೆ. ಎಚ್ಚರದಿಂದ ಇರುವವನ ತಕ್ಕಡಿ ಮಾತ್ರ ನೆಟ್ಟಗೆ ನಿಲ್ಲುತ್ತದೆ.

ಹದಿನಾರು ತುಂಬುವ ಮೊದಲೇ ಅವರು ಪುಷ್ಪಮಾಲಾ ಎಂಬ ಚಿಕ್ಕ ಕೃತಿ ಬರೆದರು. ಜಪಮಾಲೆಯ ಮಣಿಗಳಂತೆ ಅದರಲ್ಲಿ 108 ನೀತಿಗಳಿವೆ. ಬೆಳಿಗ್ಗೆ ನಿದ್ದೆಯಿಂದ ಎದ್ದವನು ಅಜ್ಞಾನದ ನಿದ್ದೆಯಿಂದಲೂ ಏಳಲು ಪ್ರಯತ್ನಿಸಬೇಕು ಎಂಬ ಆಶಯದಿಂದ ಅದು ಶುರುವಾಗುತ್ತದೆ. ಅರಸ, ಶ್ರೀಮಂತ, ಬಾಲಕ, ಯುವಕ, ವೃದ್ಧ ಹೀಗೆ ಬೇರೆ ಬೇರೆ ಸ್ಥಿತಿಯವರಿಗೆ ಅದರಲ್ಲಿ ಬೇರೆ ಬೇರೆ ಬುದ್ಧಿಮಾತುಗಳಿವೆ. ದಿನದ ಎಂಟು ಪ್ರಹರಗಳನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಲೆಕ್ಕವೂ ಇದೆ. ಭಕ್ತಿಗೆ ಒಂದು ಪ್ರಹರ, ಧರ್ಮಕಾರ್ಯಕ್ಕೆ ಒಂದು, ಆಹಾರಕ್ಕೆ ಒಂದು, ವಿದ್ಯೆಗೆ ಒಂದು, ನಿದ್ದೆಗೆ ಎರಡು, ಸಂಸಾರದ ಕೆಲಸಕ್ಕೆ ಎರಡು. ಒಂದು ಪ್ರಹರವೆಂದರೆ ಮೂರು ಗಂಟೆ. ಅಂದರೆ ದುಡಿಮೆಗೆ ಆರು ಗಂಟೆ ಸಾಕು ಎಂದು ಅಂಗಡಿಯಲ್ಲಿ ಕುಳಿತ ಹುಡುಗ ಲೆಕ್ಕ ಹಾಕಿದ್ದ. ಇಂದು ಅಂಗಡಿಗೇ ನಾಲ್ಕು ಪ್ರಹರ ಕೊಟ್ಟು, ಉಳಿದದ್ದರಲ್ಲಿ ಮೊಬೈಲಿಗೂ ಪಾಲು ಕೊಡುವವರು ಈ ಲೆಕ್ಕವನ್ನು ಒಮ್ಮೆ ತಮ್ಮ ದಿನದೊಡನೆ ಹೋಲಿಸಿ ನೋಡಬಹುದು.

ಮೋಕ್ಷಮಾಲಾದಲ್ಲಿ ಸಾಮಾಯಿಕ

ಅವರು ಹದಿನಾರನೇ ವಯಸ್ಸಿನಲ್ಲಿ ಮೂರೇ ದಿನಗಳಲ್ಲಿ ರಚಿಸಿದ ಮೋಕ್ಷಮಾಲಾ ಕೃತಿಯಲ್ಲಿ 108 ಪಾಠಗಳಿವೆ. ಎಳೆಯರಿಗೂ ಅರ್ಥವಾಗುವಂತೆ ಜೈನಧರ್ಮವನ್ನು ಸರಳ ಗುಜರಾತಿಯಲ್ಲಿ ತಿಳಿಸುವುದು ಅದರ ಉದ್ದೇಶ. ಸಾಮಾಯಿಕಕ್ಕೆಂದೇ ಅದರಲ್ಲಿ ಮೂರು ಪಾಠಗಳಿವೆ, ಧರ್ಮಧ್ಯಾನಕ್ಕೆ ಮತ್ತೆ ಮೂರು.

ಸಾಮಾಯಿಕದ ಕಾಲ ಎರಡು ಗಳಿಗೆ, ಅಂದರೆ 48 ನಿಮಿಷ. ಆ ಹೊತ್ತಿನಲ್ಲಿ ತಪ್ಪಿಸಬೇಕಾದ ದೋಷಗಳು 32. ಮನಸ್ಸಿನವು ಹತ್ತು, ಮಾತಿನವು ಹತ್ತು, ದೇಹದವು ಹನ್ನೆರಡು. ಶಾಸ್ತ್ರದಲ್ಲಿ ಬಂದಿರುವ ಈ ಪಟ್ಟಿಯನ್ನು ಅವರು ಮಕ್ಕಳಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಹೊಗಳಿಕೆಗಾಗಿ ಕೂರುವುದು, ಹಣದ ಆಸೆಯಿಂದ ಕೂರುವುದು, ಹೆದರಿಕೆಯಿಂದ ಕೂರುವುದು, ತಾನು ಧರ್ಮಿಷ್ಠ ಎಂಬ ಗರ್ವದಿಂದ ಕೂರುವುದು ಮನಸ್ಸಿನ ದೋಷಗಳು. ಜಗಳದ ಮಾತು, ಹರಟೆ, ಪಾಠವನ್ನು ಅವಸರದಲ್ಲಿ ಒದರುವುದು ಮಾತಿನ ದೋಷಗಳು. ಒರಗಿ ಕೂರುವುದು, ಬೆರಳಿನ ನೆಟಿಕೆ ತೆಗೆಯುವುದು, ತೂಕಡಿಸುವುದು ದೇಹದ ದೋಷಗಳು. ಯಾರ ಮನೆಯಲ್ಲಾದರೂ ಸಾಮಾಯಿಕಕ್ಕೆ ಕುಳಿತವರನ್ನು ಹತ್ತು ನಿಮಿಷ ಗಮನಿಸಿದರೆ ಈ ಪಟ್ಟಿ ಎಷ್ಟು ನಿಜ ಎಂದು ಗೊತ್ತಾಗುತ್ತದೆ.

ಆದರೆ ಅವರು ದೋಷಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಮನಸ್ಸು ಓಡುತ್ತದೆ, ಅದನ್ನು ಹಿಡಿದಿಡಲು ಕೆಲಸ ಕೊಡಬೇಕು ಎಂಬ ವ್ಯವಹಾರಜ್ಞಾನ ಅವರಿಗಿತ್ತು. ಶಾಸ್ತ್ರ ಓದಬೇಕು, ಕಾಯೋತ್ಸರ್ಗ ಮಾಡಬೇಕು, ವೈರಾಗ್ಯದ ಪಾಠಗಳನ್ನು ಮನನ ಮಾಡಬೇಕು, ಎರಡು ಗಳಿಗೆಯ ಕಾಲ ಹೀಗೆ ಉಪಯೋಗವಾಗಬೇಕು ಎಂದು ಕ್ರಮ ತೋರಿಸಿದರು. ಸಾಮಾಯಿಕಕ್ಕೆ ಮುಂಚಿನ ಪಾಠದಲ್ಲಿ ಆನುಪೂರ್ವಿಯ ವಿಷಯವನ್ನು ತಂದೆ ಮಗನ ಮಾತುಕತೆಯಾಗಿ ವಿವರಿಸಿದರು. ಆನುಪೂರ್ವಿಯಲ್ಲಿ ಒಂದರಿಂದ ಐದರವರೆಗಿನ ಅಂಕಿಗಳು ಹಿಂದುಮುಂದಾಗಿ ಬರುತ್ತವೆ. ಒಂದೊಂದು ಅಂಕಿಗೂ ಪಂಚನಮಸ್ಕಾರದ ಒಂದೊಂದು ಪದ. ಮೂರು ಎಂದಿದ್ದರೆ ಆಚಾರ್ಯರಿಗೆ ನಮಸ್ಕಾರ, ಐದು ಎಂದಿದ್ದರೆ ಸಾಧುಗಳಿಗೆ ನಮಸ್ಕಾರ. ಐದು ಅಂಕಿಗಳನ್ನು 120 ರೀತಿಯಲ್ಲಿ ಜೋಡಿಸಬಹುದು. ಬಾಯಿಪಾಠದ ವೇಗದಲ್ಲಿ ಇದನ್ನು ಹೇಳಲು ಆಗುವುದಿಲ್ಲ. ಗಮನ ತಪ್ಪಿದ ಕೂಡಲೇ ಪದ ತಪ್ಪುತ್ತದೆ. ಏಕಾಗ್ರತೆಗೆ ಹಿರಿಯರು ಮಾಡಿಟ್ಟ ಎಂಥ ಸುಲಭ ಉಪಾಯ ಇದು ಎಂಬುದನ್ನು ಆ ಪಾಠ ತೋರಿಸುತ್ತದೆ.

ನೂರು ಅವಧಾನ ಬಿಟ್ಟದ್ದು

ಏಕಾಗ್ರತೆಯ ಬಗ್ಗೆ ಅವರು ಬರೆದದ್ದು ಕೇವಲ ಓದಿದ ವಿದ್ಯೆಯಾಗಿರಲಿಲ್ಲ. ಅವರು ಅವಧಾನಿಗಳು. ಎಂಟು, ಹನ್ನೆರಡು, ಹದಿನಾರು, ಐವತ್ತೆರಡು ಎಂದು ಏರುತ್ತ ಹೋಗಿ, ಹತ್ತೊಂಬತ್ತನೇ ವಯಸ್ಸಿನಲ್ಲಿ ಮುಂಬಯಿಯ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನಲ್ಲಿ ಶತಾವಧಾನ ಮಾಡಿ ತೋರಿಸಿದರು. ಲೆಕ್ಕ, ಪದ್ಯಪೂರಣ, ಗಂಟೆಯ ಏಟುಗಳ ಎಣಿಕೆ, ತಮಗೆ ತಿಳಿಯದ ಭಾಷೆಗಳ ಅಕ್ಷರಗಳು, ಇವೆಲ್ಲ ಬೆರೆತು ಬಂದರೂ ಕೊನೆಯಲ್ಲಿ ಒಂದೂ ತಪ್ಪದೆ ಒಪ್ಪಿಸಿದರು. ಚಿನ್ನದ ಪದಕ ಬಂತು, ಬಿರುದು ಬಂತು, ಪತ್ರಿಕೆಗಳಲ್ಲಿ ಸುದ್ದಿ ಬಂತು. ವಿಲಾಯತಿಗೆ ಹೋಗಿ ಪ್ರದರ್ಶನ ಕೊಡುವಂತೆ ದೊಡ್ಡ ಅಧಿಕಾರದಲ್ಲಿದ್ದವರಿಂದಲೇ ಸಲಹೆ ಬಂತು.

ಬಡತನವಲ್ಲದಿದ್ದರೂ ಶ್ರೀಮಂತಿಕೆ ಇಲ್ಲದ ಮನೆಯ ಹುಡುಗನಿಗೆ ಇದು ದೊಡ್ಡ ಬಾಗಿಲು. ಶ್ರೀಮದ್‌ರವರು ಒಳಗೆ ಕಾಲಿಡಲಿಲ್ಲ. ವಿಲಾಯತಿಗೆ ಹೋಗಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಅವಧಾನ ಪ್ರದರ್ಶನವನ್ನೇ ನಿಲ್ಲಿಸಿಬಿಟ್ಟರು. ಮನಸ್ಸಿನ ಶಕ್ತಿಯನ್ನು ಜನರ ಮುಂದೆ ತೋರಿಸಿದಷ್ಟೂ ಕೀರ್ತಿಯ ಆಸೆ ಬೆಳೆಯುತ್ತದೆ, ಆತ್ಮದ ಕೆಲಸ ಹಿಂದೆ ಬೀಳುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ನೂರು ವಿಷಯಗಳ ಮೇಲೆ ನಿಲ್ಲುತ್ತಿದ್ದ ಗಮನವನ್ನು ಅವರು ತಮ್ಮೊಳಗಿನ ಒಂದು ವಿಷಯದ ಕಡೆಗೆ ತಿರುಗಿಸಿದರು. ಇಂದು ಏಕಾಗ್ರತೆ ಹೆಚ್ಚಿಸಿಕೊಳ್ಳಲು, ಕೆಲಸದಲ್ಲಿ ಮುಂದೆ ಬರಲು ಧ್ಯಾನ ಕಲಿಯುವವರು ಬಹಳ. ಅದು ತಪ್ಪಲ್ಲ. ಆದರೆ ಏಕಾಗ್ರತೆಯಷ್ಟರಿಂದಲೇ ಜೀವಕ್ಕೆ ಹಿತವಾಗುವುದಿಲ್ಲ. ಆರ್ತಧ್ಯಾನ, ರೌದ್ರಧ್ಯಾನಗಳಲ್ಲೂ ಮನಸ್ಸು ಒಂದೇ ಕಡೆ ನಿಲ್ಲುತ್ತದೆ. ಅದು ಯಾವುದರ ಮೇಲೆ ನಿಂತಿದೆ, ಕಷಾಯ ಕಡಿಮೆಯಾಯಿತೇ ಎಂಬುದೇ ಧರ್ಮಧ್ಯಾನದ ಪರೀಕ್ಷೆ.

ಮುಂಬಯಿಯ ಜವಾಹಿರಿ ಅಂಗಡಿ

1888ರಲ್ಲಿ ಅವರ ಮದುವೆ ಝಬಕಬಾಯಿಯವರೊಡನೆ ಆಯಿತು. ಮುಂದೆ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಮದುವೆಯ ಬಳಿಕ ಅವರು ಮುಂಬಯಿಯಲ್ಲಿ ರೇವಾಶಂಕರ ಜಗಜೀವನ ಹೆಸರಿನ ಜವಾಹಿರಿ ಪೇಢಿಯಲ್ಲಿ ಪಾಲುದಾರರಾದರು. ಮುತ್ತು, ವಜ್ರಗಳ ಪರೀಕ್ಷೆಯಲ್ಲಿ ಅವರದು ಎತ್ತಿದ ಕೈ. ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರ ಅವರ ಕೈಮೇಲೆ ನಡೆಯುತ್ತಿತ್ತು.

1891ರ ಜುಲೈಯಲ್ಲಿ ಬ್ಯಾರಿಸ್ಟರ್ ಆಗಿ ವಿಲಾಯತಿಯಿಂದ ಮರಳಿದ ಗಾಂಧೀಜಿಯವರು ಮುಂಬಯಿಯಲ್ಲಿ ಡಾ. ಪ್ರಾಣಜೀವನ ಮೆಹ್ತಾ ಅವರ ಮನೆಯಲ್ಲಿ ಇಳಿದುಕೊಂಡರು. ಅಲ್ಲಿ ಶ್ರೀಮದ್‌ರವರ ಪರಿಚಯವಾಯಿತು. ಗಾಂಧೀಜಿಗೆ ಆಗ 21, ಶ್ರೀಮದ್‌ರವರಿಗೆ 23. ಗಾಂಧೀಜಿ ತಮಗೆ ಗೊತ್ತಿದ್ದ ಬೇರೆ ಬೇರೆ ಭಾಷೆಗಳ ಪದಗಳನ್ನೆಲ್ಲ ಬರೆದು ಓದಿ ಪರೀಕ್ಷೆ ಮಾಡಿದರು. ಅವರು ಅದೇ ಕ್ರಮದಲ್ಲಿ ಮರಳಿ ಒಪ್ಪಿಸಿದರು. ಆದರೆ ಗಾಂಧೀಜಿಯವರ ಮನಸ್ಸು ಸೋತದ್ದು ಈ ನೆನಪಿನ ಶಕ್ತಿಗಲ್ಲ. ಅವರ ಶಾಸ್ತ್ರಜ್ಞಾನ, ನಿರ್ಮಲ ನಡತೆ ಮತ್ತು ಆತ್ಮದರ್ಶನದ ತೀವ್ರ ಹಂಬಲಕ್ಕೆ ಎಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಗಾಂಧೀಜಿ ಕಂಡ ದೃಶ್ಯ ಹೀಗಿತ್ತು. ಗಾದಿಯ ಮೇಲೆ ವಜ್ರ, ಮುತ್ತುಗಳ ಜೊತೆಗೆ ಯಾವಾಗಲೂ ಒಂದು ಧರ್ಮಗ್ರಂಥ, ಒಂದು ದಿನಚರಿ ಪುಸ್ತಕ ಇರುತ್ತಿದ್ದವು. ದೊಡ್ಡ ವ್ಯವಹಾರವೊಂದು ಮುಗಿದು ಗಿರಾಕಿ ಎದ್ದ ಕೂಡಲೇ ಪುಸ್ತಕ ತೆರೆಯುತ್ತಿತ್ತು, ಇಲ್ಲವೇ ಆತ್ಮಚಿಂತನೆಯ ಬರವಣಿಗೆ ಮುಂದುವರಿಯುತ್ತಿತ್ತು. ನಡಿಗೆ ನಿಧಾನ. ನಡೆಯುವಾಗಲೂ ವಿಚಾರದಲ್ಲಿ ಮುಳುಗಿದ್ದಾರೆ ಎಂದು ನೋಡಿದವರಿಗೆ ತಿಳಿಯುತ್ತಿತ್ತು. ಉಡುಪು ಸಾದಾ, ಊಟ ಸಾದಾ. ವ್ಯಾಪಾರ ಮತ್ತು ಧರ್ಮ ಬೇರೆ ಬೇರೆ, ಅಂಗಡಿಯಲ್ಲಿ ಧರ್ಮ ನಡೆಯುವುದಿಲ್ಲ ಎಂದು ಜನ ಹೇಳುವ ಮಾತು ಸುಳ್ಳು ಎಂಬುದಕ್ಕೆ ಗಾಂಧೀಜಿಗೆ ಅವರು ಕಣ್ಣೆದುರಿನ ಸಾಕ್ಷಿಯಾದರು.

ಕರಾರು ಪತ್ರದ ಕಥೆ

ಶ್ರೀಮದ್‌ರವರ ವ್ಯಾಪಾರ ಜೀವನದ ಎರಡು ಸಂಗತಿಗಳನ್ನು ಅವರ ಅನುಯಾಯಿಗಳು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ.

ಒಬ್ಬ ವ್ಯಾಪಾರಿ ಇಂತಿಷ್ಟು ಬೆಲೆಗೆ ಇಂಥ ದಿನ ವಜ್ರಗಳನ್ನು ಕೊಡುವುದಾಗಿ ಅವರಿಗೆ ಕರಾರು ಬರೆದುಕೊಟ್ಟಿದ್ದ. ಅಷ್ಟರಲ್ಲಿ ಪೇಟೆಯಲ್ಲಿ ಧಾರಣೆ ಏರಿಬಿಟ್ಟಿತು. ಕರಾರಿನ ಪ್ರಕಾರ ಮಾಲು ಕೊಟ್ಟರೆ ಆತ ಮನೆ ಮಠ ಮಾರಿಕೊಳ್ಳಬೇಕು. ಸುದ್ದಿ ತಿಳಿದ ಶ್ರೀಮದ್‌ರವರು ತಾವೇ ಅವನ ಅಂಗಡಿಗೆ ಹೋದರು. ವಸೂಲಿಗೆ ಬಂದರೆಂದು ಆತ ಗಾಬರಿಯಾದ, ಹೇಗಾದರೂ ಮಾಡಿ ಮಾತು ಉಳಿಸಿಕೊಳ್ಳುತ್ತೇನೆ ಎಂದ. ಇಬ್ಬರ ಚಿಂತೆಗೂ ಈ ಕಾಗದವೇ ಕಾರಣ ಎಂದು ಹೇಳಿ ಶ್ರೀಮದ್‌ರವರು ಕರಾರು ಪತ್ರವನ್ನು ಹರಿದುಹಾಕಿದರು. ಹಾಲು ಕುಡಿಯಬಲ್ಲ ಮನುಷ್ಯ ತಾನು, ಇನ್ನೊಬ್ಬರ ರಕ್ತ ಕುಡಿಯಲಾರೆ ಎಂಬರ್ಥದ ಮಾತನ್ನು ಆಗ ಹೇಳಿದರಂತೆ.

ಇನ್ನೊಂದು ಒಬ್ಬ ಅರಬ್ ಮುತ್ತಿನ ವ್ಯಾಪಾರಿಯ ಕಥೆ. ಅಣ್ಣನಿಗೆ ಹೇಳದೆ ತಮ್ಮ ದೊಡ್ಡ ಮೊತ್ತದ ಮುತ್ತುಗಳನ್ನು ಶ್ರೀಮದ್‌ರವರಿಗೆ ಮಾರಿದ. ಅದಕ್ಕಿಂತ ಹೆಚ್ಚಿನ ಬೆಲೆ ಬರಬೇಕಿತ್ತು ಎಂದು ಅಣ್ಣ ಸಿಟ್ಟಾದ. ತಮ್ಮ ಅಳುತ್ತ ಬಂದು ತನ್ನ ಕಷ್ಟ ತೋಡಿಕೊಂಡ. ವ್ಯವಹಾರ ಮುಗಿದಿತ್ತು, ಹಣ ಕೊಟ್ಟಾಗಿತ್ತು, ಲಾಭ ಕಣ್ಣೆದುರಿಗಿತ್ತು. ಆದರೂ ಅವರು ಮುತ್ತಿನ ಗಂಟನ್ನು ಹಾಗೆಯೇ ಹಿಂದಕ್ಕೆ ಕೊಟ್ಟು, ತಾವು ಕೊಟ್ಟಿದ್ದ ಹಣವನ್ನು ಮಾತ್ರ ಪಡೆದರು.

ವ್ಯಾಪಾರದ ಕಾನೂನಿನ ಪ್ರಕಾರ ಈ ಎರಡೂ ಕಡೆ ಲಾಭ ಅವರಿಗೆ ಸಲ್ಲಬೇಕಾದದ್ದು. ಅವರು ಮೋಸ ಮಾಡಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ಆದರೂ ಬಿಟ್ಟುಕೊಟ್ಟರು. ಲಾಭ ಕೈಗೆ ಬರುವ ಕ್ಷಣದಲ್ಲಿ ಎದುರಿಗಿರುವವನ ಮುಖ ಕಾಣಿಸಬೇಕಾದರೆ ಮನಸ್ಸು ಎಚ್ಚರವಾಗಿರಬೇಕು. ಅಂಥ ಎಚ್ಚರ ಆ ಕ್ಷಣಕ್ಕೆ ಹುಡುಕಿದರೆ ಸಿಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಕೂಡಿಟ್ಟುಕೊಂಡಿರಬೇಕು. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ತತ್ತ್ವಾರ್ಥಸೂತ್ರವು ಹೇಳಿರುವುದು ಇಂಥ ಅಭ್ಯಾಸಕ್ಕಾಗಿಯೇ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರನ್ನು ಕಂಡು ಸಂತೋಷ, ಕಷ್ಟದಲ್ಲಿರುವವರಲ್ಲಿ ಕರುಣೆ, ವಿರೋಧಿಸುವವರಲ್ಲಿ ಸಮಭಾವ.

ಹಾವಿನ ಪ್ರಶ್ನೆ

ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯವರನ್ನು ಕ್ರೈಸ್ತ ಮಿತ್ರರು ತಮ್ಮ ಧರ್ಮಕ್ಕೆ ಕರೆಯುತ್ತಿದ್ದ ಕಾಲ. ಅವರ ಮನಸ್ಸಿನಲ್ಲಿ ಧರ್ಮದ ಬಗ್ಗೆ ದೊಡ್ಡ ಗೊಂದಲವೆದ್ದಿತ್ತು. 1894ರಲ್ಲಿ ಅವರು ಶ್ರೀಮದ್‌ರವರಿಗೆ 27 ಪ್ರಶ್ನೆಗಳನ್ನು ಬರೆದು ಕಳಿಸಿದರು. ಆತ್ಮ ಎಂದರೇನು, ದೇವರು ಎಂದರೇನು, ಮೋಕ್ಷ ಎಂದರೇನು ಎಂಬಂಥ ಪ್ರಶ್ನೆಗಳ ಕೊನೆಯಲ್ಲಿ ಒಂದು ಸಾದಾ ಪ್ರಶ್ನೆ ಇತ್ತು. ಹಾವು ಕಚ್ಚಲು ಬಂದರೆ, ಬೇರೆ ದಾರಿಯಿಲ್ಲದಿದ್ದರೆ, ಕಚ್ಚಲು ಬಿಡಬೇಕೋ ಕೊಲ್ಲಬೇಕೋ?

ಅಮೀಚಂದರನ್ನು ಹಾವಿನ ವಿಷಕ್ಕೆ ಕಳೆದುಕೊಂಡು, ಏಳನೇ ವಯಸ್ಸಿನಲ್ಲಿ ಮರದ ಮೇಲಿಂದ ಅವರ ಚಿತೆ ನೋಡಿದವರಿಗೆ ಈ ಪ್ರಶ್ನೆ ಬಂದಿತ್ತು. ಹಾವಿನ ಮೇಲೆ ಅವರ ಉತ್ತರದಲ್ಲಿ ಕೋಪವಿಲ್ಲ. ದೇಹ ಅನಿತ್ಯವೆಂದು ತಿಳಿದವನು, ತನ್ನ ದೇಹವನ್ನು ಪ್ರೀತಿಸುವ ಇನ್ನೊಂದು ಜೀವಿಯನ್ನು ಈ ದೇಹಕ್ಕಾಗಿ ಕೊಲ್ಲುವುದು ಹೇಗೆ ಸರಿಯಾದೀತು ಎಂದು ಅವರು ವಿವರಿಸಿದರು. ಆತ್ಮಹಿತ ಬಯಸುವವನು ದೇಹವನ್ನು ಬಿಡುವುದೇ ಉಚಿತ ಎಂದರು. ಆತ್ಮಹಿತದ ಬಯಕೆ ಇಲ್ಲದವನ ವಿಷಯವನ್ನೂ ಎತ್ತಿ, ಅವನಿಗಾದರೂ ಕೊಲ್ಲು ಎಂದು ಉಪದೇಶಿಸಲು ತಮ್ಮಿಂದಾಗದು ಎಂದು ತಿಳಿಸಿದರು. ತಮಗಾಗಲಿ ಗಾಂಧೀಜಿಗಾಗಲಿ ಅಂಥ ಬುದ್ಧಿ ಕನಸಿನಲ್ಲೂ ಬಾರದಿರಲಿ ಎಂಬ ಹಾರೈಕೆಯೊಂದಿಗೆ ಪತ್ರ ಮುಗಿಯಿತು. ಈ ಉತ್ತರಗಳಿಂದ ಗಾಂಧೀಜಿಗೆ ಮನಶ್ಶಾಂತಿ ದೊರಕಿತು. ಹಾಗಿದ್ದೂ ಗಾಂಧೀಜಿ ಅವರನ್ನು ತಮ್ಮ ಧರ್ಮಗುರುವಾಗಿ ಸ್ವೀಕರಿಸಲಿಲ್ಲ. ಶ್ರೀಮದ್‌ರವರೂ ಶಿಷ್ಯರನ್ನು ಸೇರಿಸಲು ಹೊರಟವರಲ್ಲ.

ಮುದುಕರಿಗಾಗಿ ಪದ್ಯವಾದ ಶಾಸ್ತ್ರ

ಸಾಯಲಾ ಊರಿನ ಸೌಭಾಗ್ಯಭಾಯಿ ಎಂಬ ವೃದ್ಧರು ಶ್ರೀಮದ್‌ರವರಿಗೆ ಅತ್ಯಂತ ಆಪ್ತರು. ವಯಸ್ಸಿನಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. ಆತ್ಮದ ಆರು ಪದಗಳನ್ನು ವಿವರಿಸುವ ಪತ್ರವೊಂದನ್ನು ಶ್ರೀಮದ್‌ರವರು ಬರೆದಿದ್ದರು. ಆತ್ಮ ಇದೆ, ಅದು ನಿತ್ಯ, ಅದು ಕರ್ಮದ ಕರ್ತೃ, ಅದು ಫಲದ ಭೋಕ್ತೃ, ಮೋಕ್ಷ ಇದೆ, ಮೋಕ್ಷಕ್ಕೆ ಉಪಾಯವೂ ಇದೆ ಎಂಬುವೇ ಆ ಆರು. ಗದ್ಯದಲ್ಲಿದ್ದ ಆ ಪತ್ರ ಈ ವಯಸ್ಸಿನಲ್ಲಿ ಬಾಯಿಪಾಠವಾಗುವುದಿಲ್ಲ, ಪದ್ಯದಲ್ಲಿದ್ದರೆ ದಿನವೂ ಹೇಳಿಕೊಳ್ಳಬಹುದು ಎಂದು ಸೌಭಾಗ್ಯಭಾಯಿ ಬೇಡಿಕೊಂಡರು.

1896ರಲ್ಲಿ ಗುಜರಾತಿನ ನಡಿಯಾದ್‌ನಲ್ಲಿದ್ದಾಗ ಒಂದು ಸಂಜೆ ಶ್ರೀಮದ್‌ರವರು ಬರೆಯಲು ಕುಳಿತರು. ಭಕ್ತ ಅಂಬಾಲಾಲ್ ಕಂದೀಲು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಎರಡು ಗಂಟೆಯೊಳಗೆ 142 ಪದ್ಯಗಳ ಆತ್ಮಸಿದ್ಧಿ ಶಾಸ್ತ್ರ ಮುಗಿದಿತ್ತು. ಪ್ರತಿಗಳನ್ನು ನಾಲ್ವರಿಗೆ ಮಾತ್ರ ಕೊಟ್ಟರು. ಅದರಲ್ಲಿ ಒಂದು ಸೌಭಾಗ್ಯಭಾಯಿಗೆ, ಒಂದು ಕಂದೀಲು ಹಿಡಿದ ಅಂಬಾಲಾಲ್‌ಗೆ, ಒಂದು ಲಲ್ಲೂಜಿ ಮುನಿಗಳಿಗೆ. ಇಂದು ಸಾವಿರಾರು ಜನ ಪ್ರತಿದಿನ ಪಾರಾಯಣ ಮಾಡುವ ಈ ಶಾಸ್ತ್ರ ಹುಟ್ಟಿದ್ದು ಒಬ್ಬ ಮುದುಕರ ನೆನಪಿನ ತೊಂದರೆಯನ್ನು ಅರಿತು ಸ್ಪಂದಿಸಿದ ದಯೆಯಿಂದ. ಮರುವರ್ಷ, 1897ರಲ್ಲಿ, ಸೌಭಾಗ್ಯಭಾಯಿ ತೀರಿಕೊಂಡರು. ಬೇಡಿದ್ದು ಸಮಯಕ್ಕೆ ಸರಿಯಾಗಿ ಅವರ ಕೈಸೇರಿತ್ತು.

ಕಾಡು, ಬೆಟ್ಟಗಳಲ್ಲಿ

ವ್ಯಾಪಾರದ ನಡುವೆ ಸಮಭಾವದಿಂದಿದ್ದರು ಎಂದ ಮಾತ್ರಕ್ಕೆ ಅದು ಅವರಿಗೆ ಸುಲಭವಾಗಿತ್ತು ಎಂದಲ್ಲ. ಅವರ ಪತ್ರಗಳು ಬೇರೆಯೇ ಹೇಳುತ್ತವೆ. ಮನಸ್ಸು ಸರ್ವಸಂಗ ಪರಿತ್ಯಾಗಕ್ಕೆ ಹಂಬಲಿಸುತ್ತಿತ್ತು. ಪೇಢಿಯ ಜವಾಬ್ದಾರಿ, ಪಾಲುದಾರರ ಹಿತ, ಹೆಂಡತಿ ಮಕ್ಕಳು, ಮಗ ಮುನಿಯಾಗುವುದನ್ನು ತಾಳಲಾರದ ತಾಯಿ, ಇವು ಹಿಡಿದಿದ್ದವು. ಇದನ್ನು ಹಿಂದಿನ ಕರ್ಮದ ಉದಯವೆಂದು ತಿಳಿದು, ಯಾರನ್ನೂ ದೂರದೆ, ಸಾಲ ತೀರಿಸುವವರಂತೆ ಅವರು ಕರ್ತವ್ಯ ಮುಗಿಸುತ್ತ ಬಂದರು. ಹೆತ್ತವರಿಗೆ ನೋವು ಕೊಟ್ಟು ಪಡೆಯುವ ಏಕಾಂತ ಅವರಿಗೆ ಬೇಕಾಗಿರಲಿಲ್ಲ.

ಆದರೂ ವರ್ಷದಲ್ಲಿ ಕೆಲವು ಕಾಲ ಮುಂಬಯಿ ಬಿಟ್ಟು ಗುಜರಾತಿನ ಏಕಾಂತ ಸ್ಥಳಗಳಿಗೆ ಹೋಗುತ್ತಿದ್ದರು. ರಾಳಜ, ಕಾವಿಠಾ, ವಡವಾ, ಉತ್ತರಸಂಡಾ, ಈಡರ್ ಹೀಗೆ ಆ ಸ್ಥಳಗಳ ಹೆಸರುಗಳು. ಕೊನೆಯ ವರ್ಷಗಳಲ್ಲಿ ಈಡರಿನ ಬೆಟ್ಟದಲ್ಲಿ ಲಲ್ಲೂಜಿಯವರೂ ಸೇರಿ ಏಳು ಮುನಿಗಳು ಅವರ ಜೊತೆಗಿದ್ದರು. ಬಂಡೆಯ ಮೇಲೆ ಕುಳಿತು ಶ್ರೀಮದ್‌ರವರು ದ್ರವ್ಯಸಂಗ್ರಹದ ಗಾಥೆಗಳನ್ನು ಹೇಳಿ ಅರ್ಥ ವಿವರಿಸಿದರು. ಸ್ಥಾನಕವಾಸಿ ಸಮಾಜದಲ್ಲಿ ಬೆಳೆದವರು ದಿಗಂಬರ ಆಚಾರ್ಯರ ಪ್ರಾಕೃತ ಗ್ರಂಥವನ್ನು ಅಷ್ಟು ಆದರದಿಂದ ಎತ್ತಿಕೊಂಡದ್ದು ಗಮನಿಸಬೇಕಾದ ಸಂಗತಿ. ದ್ರವ್ಯಸಂಗ್ರಹದ ಕರ್ತೃ ನೇಮಿಚಂದ್ರ ಆಚಾರ್ಯರನ್ನು ಶ್ರವಣಬೆಳಗೊಳದಲ್ಲಿ ಚಾವುಂಡರಾಯನಿಗೆ ಗುರುವಾಗಿದ್ದ ಮಹಾನುಭಾವರೆಂದೇ ಪರಂಪರೆ ನಂಬುತ್ತದೆ. ಬಾಹುಬಲಿಯ ನಾಡಿನ ಜ್ಞಾನ ಹೀಗೆ ಈಡರಿನ ಬೆಟ್ಟದಲ್ಲಿ ಧ್ಯಾನಪಾಠವಾಯಿತು. ಧ್ಯಾನಕ್ಕೆ ಮನಸ್ಸು ನಿಲ್ಲಬೇಕಾದರೆ ಇಷ್ಟವಾದದ್ದರಲ್ಲಿ ಮೋಹ, ರಾಗಗಳನ್ನೂ ಇಷ್ಟವಲ್ಲದ್ದರಲ್ಲಿ ದ್ವೇಷವನ್ನೂ ಬಿಡಬೇಕು ಎಂಬುದು ಆ ಗ್ರಂಥದಲ್ಲಿ ಬರುವ ತಿರುಳು. ಕಣ್ಣು ಮುಚ್ಚುವ ಮೊದಲೇ ಧ್ಯಾನದ ಅರ್ಧ ಕೆಲಸ ಸಂತೆ, ಮನೆಗಳಲ್ಲಿ ಆಗಿರಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಮುನಿಗಳು ಗೃಹಸ್ಥನೊಬ್ಬನ ಬಳಿ ಬೋಧೆಗೆ ಕೂರುವುದು ಅಂದಿನ ಸಮಾಜದಲ್ಲಿ ಟೀಕೆಗೆ ಕಾರಣವಾಯಿತು. ಲಲ್ಲೂಜಿಯವರು ತಮ್ಮ ಸಂಘದಿಂದ ಬಹಳ ವಿರೋಧ ಎದುರಿಸಿದರು. ಶ್ರೀಮದ್‌ರವರು ವಾದಕ್ಕೆ ಇಳಿಯಲಿಲ್ಲ. ಶ್ವೇತಾಂಬರ, ದಿಗಂಬರ ಎಂಬ ಭೇದ ಮಾಡದೆ ಉತ್ತಮ ಶಾಸ್ತ್ರಗಳು ಜನರ ಕೈಸೇರಲಿ ಎಂದು ಪರಮಶ್ರುತ ಪ್ರಭಾವಕ ಮಂಡಲವನ್ನು ಸ್ಥಾಪಿಸಿದರು. ಧ್ಯಾನದ ವಿಷಯದಲ್ಲಿ ಮುಖ್ಯ ಗ್ರಂಥವಾದ ಶುಭಚಂದ್ರಾಚಾರ್ಯರ ಜ್ಞಾನಾರ್ಣವವೂ ಮುಂದೆ ಆ ಮಂಡಲದಿಂದ ಪ್ರಕಟವಾಯಿತು.

ಕೊನೆಯ ದಿನಗಳು

ಕೊನೆಗೆ ಅವರು ವ್ಯಾಪಾರದಿಂದ ನಿವೃತ್ತರಾದರು. ತ್ಯಾಗದ ದಾರಿ ತೆರೆಯಿತು ಎನ್ನುವಷ್ಟರಲ್ಲಿ ದೇಹ ಕುಸಿಯಿತು. ಚಿಕಿತ್ಸೆ, ಹವಾ ಬದಲಾವಣೆ ಯಾವುದೂ ಹಿಡಿಯಲಿಲ್ಲ. ವಢವಾಣದಲ್ಲಿದ್ದಾಗ ತೆಗೆದ ಅವರ ಭಾವಚಿತ್ರಗಳು ಇಂದು ಅನೇಕ ಮನೆಗಳಲ್ಲಿವೆ. ಒಂದರಲ್ಲಿ ಪದ್ಮಾಸನ, ಇನ್ನೊಂದರಲ್ಲಿ ನಿಂತ ಕಾಯೋತ್ಸರ್ಗ. ಮೈಯಲ್ಲಿ ಎಲುಬು ಮಾತ್ರ ಉಳಿದಿದೆ, ಕಣ್ಣುಗಳಲ್ಲಿ ಶಾಂತಿ ಹಾಗೆಯೇ ಇದೆ.

1901ರ ಏಪ್ರಿಲ್ 9ರಂದು ರಾಜಕೋಟೆಯಲ್ಲಿ ಅವರು ದೇಹ ಬಿಟ್ಟರು. ಅದಕ್ಕೆ ಮೊದಲು ತಮ್ಮ ಮನಸುಖಭಾಯಿಯನ್ನು ಕರೆದು, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳಲು ಹೇಳಿದರು. ತಾವು ಸಮಾಧಿಭಾವದಲ್ಲಿ ನೆಲೆಗೊಳ್ಳುತ್ತಿರುವುದಾಗಿ ತಿಳಿಸಿದರು. ದಾರಿ ಬಿಡಲಾರದೆ ಹಿಡಿದಿಟ್ಟ ತಾಯಿಯ ಚಿಂತೆಯೇ ಅವರ ಕೊನೆಯ ಲೋಕವ್ಯವಹಾರವಾಗಿತ್ತು.

ಲಲ್ಲೂಜಿ ಮುನಿಗಳ ಪ್ರೇರಣೆಯಿಂದ 1920ರಲ್ಲಿ ಗುಜರಾತಿನ ಅಗಾಸ್‌ನಲ್ಲಿ ಅವರ ಹೆಸರಿನ ಆಶ್ರಮ ಆರಂಭವಾಯಿತು. ಕರ್ನಾಟಕದಲ್ಲಿ 1961ರಲ್ಲಿ ಸಹಜಾನಂದಘನ ಮುನಿಗಳು ಹಂಪಿಯ ರತ್ನಕೂಟದಲ್ಲಿ ಶ್ರೀಮದ್ ರಾಜಚಂದ್ರ ಆಶ್ರಮವನ್ನು ಸ್ಥಾಪಿಸಿದರು. ತುಂಗಭದ್ರೆಯ ಬಳಿ, ಬಂಡೆಗಳ ನಡುವಿನ ಗುಹೆಗಳಲ್ಲಿ ಅಲ್ಲಿ ಧ್ಯಾನ ನಡೆಯುತ್ತದೆ. ಹಂಪಿಗೆ ಪ್ರವಾಸ ಹೋಗುವ ಶ್ರಾವಕ ಕುಟುಂಬಗಳು ವಿರೂಪಾಕ್ಷ, ವಿಠಲ ದೇವಾಲಯಗಳ ಜೊತೆಗೆ ಇಲ್ಲಿಗೂ ಹೋಗಿ ಒಂದು ಮುಹೂರ್ತ ಕುಳಿತು ಬರಬಹುದು.

ಎಲ್ಲರಿಗೂ ಶತಾವಧಾನಿಯ ಬುದ್ಧಿ ಇರುವುದಿಲ್ಲ. ಎರಡು ಗಂಟೆಯಲ್ಲಿ ಶಾಸ್ತ್ರ ಬರೆಯಲೂ ಆಗುವುದಿಲ್ಲ. ಆದರೆ ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವ ಮೊದಲು ಒಂದು ಸಾಮಾಯಿಕಕ್ಕೆ ಕೂರುವುದು, ಪೂರ್ತಿ 48 ನಿಮಿಷ ಆಗದಿದ್ದರೆ ಆನುಪೂರ್ವಿಯ ಕೆಲವು ಸಾಲುಗಳನ್ನಾದರೂ ಎಚ್ಚರದಿಂದ ಹೇಳುವುದು ಆಗುವ ಕೆಲಸ. ಸಂಜೆ ಲೆಕ್ಕ ಬರೆಯುವಾಗ ಇಂದು ಯಾರೊಡನೆ ಕಟುವಾಗಿ ಮಾತಾಡಿದೆ, ಯಾರ ಅಸಹಾಯಕತೆಯಿಂದ ಲಾಭ ಪಡೆದೆ ಎಂದು ಒಂದು ಸಾಲು ಹೆಚ್ಚಿಗೆ ಬರೆದುಕೊಳ್ಳುವುದೂ ಆಗುವ ಕೆಲಸ. ಬಾಕಿದಾರನೊಬ್ಬ ಎದುರಿಗೆ ಬಂದು ನಿಂತಾಗ ಆ ಅಭ್ಯಾಸ ಎಷ್ಟು ಗಟ್ಟಿಯಾಗಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಜೈ ಜಿನೇಂದ್ರ.